ಆಲ್ಫ್ರೆಡ್ ಬಿನೆ: ಬುದ್ಧಿಯನ್ನು ಅಳೆಯಹೊರಟವನು

ವರ್ಗದಲ್ಲಿ ಹಿಂದೆ ಬಿದ್ದ ಬಾಲಕನನ್ನು ದಡ್ಡನೆಂದು ಕರೆಯುವುದು ಸುಲಭ. ಅವನು ನಿಜವಾಗಿಯೂ ಮಂದಮತಿಯೋ, ಅವನ ಕಿವಿ ಕಣ್ಣುಗಳಲ್ಲಿ ದೋಷವಿದೆಯೋ, ಅಥವಾ ನಾವು ಕಲಿಸಿದ ರೀತಿಯೇ ಸರಿಯಿಲ್ಲವೋ ಎಂದು ವಿಚಾರಿಸುವುದು ಕಷ್ಟ. ಆ ವಿಚಾರಣೆಗೆ ಒಂದು ಕ್ರಮವನ್ನು ಹಾಕಿಕೊಟ್ಟ ಆಲ್ಫ್ರೆಡ್ ಬಿನೆಯ ಹೆಸರನ್ನು ಶಿಕ್ಷಕ ತರಬೇತಿ ಪಡೆದವರೆಲ್ಲ ಬಲ್ಲರು. ಆತನ ಬಾಳನ್ನು ಬಲ್ಲವರು ಕಡಿಮೆ.

ಬಿನೆ 1857ರ ಜುಲೈ 8ರಂದು ನೀಸ್ ನಗರದಲ್ಲಿ ಜನಿಸಿದನು. ಆ ನಗರವು ಆಗಿನ್ನೂ ಫ್ರಾನ್ಸಿಗೆ ಸೇರಿರಲಿಲ್ಲ. ಕಾನೂನು ಓದಿ ಪದವಿ ಪಡೆದು ಅದನ್ನು ಬಿಟ್ಟನು. ವೈದ್ಯವಿದ್ಯೆಗೆ ಕೈಹಾಕಿ ಅದನ್ನೂ ಬಿಟ್ಟನು. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರವನ್ನು ತಾನಾಗಿಯೇ ಅಭ್ಯಸಿಸಿದನು. ಅನಂತರ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಪ್ರಖ್ಯಾತ ವೈದ್ಯ ಶಾರ್ಕೋನ ಬಳಗವನ್ನು ಸೇರಿದನು. ಅಲ್ಲಿ ಫೆರೆ ಎಂಬ ಸಹೋದ್ಯೋಗಿಯೊಡನೆ ವಶೀಕರಣ ನಿದ್ರೆಯ ಪ್ರಯೋಗಗಳನ್ನು ನಡೆಸಿ, ರೋಗಿಯ ದೇಹದ ಒಂದು ಪಾರ್ಶ್ವದ ಲಕ್ಷಣಗಳನ್ನು ಅಯಸ್ಕಾಂತದಿಂದ ಇನ್ನೊಂದು ಪಾರ್ಶ್ವಕ್ಕೆ ಸಾಗಿಸಬಹುದೆಂದು ಸಾರಿದನು. ಬೆಲ್ಜಿಯಮ್ಮಿನ ಡೆಲ್ಬೋಫ್ ಇದನ್ನು ಪರೀಕ್ಷಿಸಿದಾಗ ಗುಟ್ಟು ಹೊರಬಿದ್ದಿತು: ಪ್ರಯೋಗಕಾರರು ಏನನ್ನು ನಿರೀಕ್ಷಿಸುತ್ತಿದ್ದರೆಂಬುದು ರೋಗಿಗಳಿಗೆ ಮೊದಲೇ ತಿಳಿದಿತ್ತು. ಬಿನೆ ಕೆಲಕಾಲ ವಾದಿಸಿ, ಕೊನೆಗೆ ಬಹಿರಂಗವಾಗಿಯೇ ತಪ್ಪನ್ನೊಪ್ಪಿದನು. ಈ ಅವಮಾನವೇ ಆತನ ನಿಜವಾದ ವಿದ್ಯಾಭ್ಯಾಸವೆಂದು ನನಗೆ ತೋರುತ್ತದೆ.

ಆಸ್ಪತ್ರೆಯನ್ನು ಬಿಟ್ಟ ಮೇಲೆ ಆತನ ಪ್ರಯೋಗಶಾಲೆ ಮನೆಯೇ ಆಯಿತು. ಮಕ್ಕಳಾದ ಮೆಡಲೀನ್ ಮತ್ತು ಆಲೀಸರನ್ನು ದಿನದಿನವೂ ಗಮನಿಸಿದನು. ನಡೆಯಲು ಕಲಿಯುವಾಗ ಒಬ್ಬಳು ಮುಂದಿನ ಆಸರೆಯನ್ನು ನೋಡಿಕೊಂಡೇ ಕೈಬಿಡುವಳು. ಮತ್ತೊಬ್ಬಳು ಹಿಂದುಮುಂದು ನೋಡದೆ ಕೋಣೆಯ ನಡುವಿಗೆ ನುಗ್ಗುವಳು. ಒಂದೇ ಮನೆಯ ಮಕ್ಕಳ ಬುದ್ಧಿಯ ನಡೆಯೂ ಬೇರೆ ಬೇರೆಯೆಂಬುದನ್ನು ಆತನು ಗ್ರಂಥಗಳಿಗಿಂತ ಮೊದಲು ತೊಟ್ಟಿಲ ಬಳಿಯಲ್ಲಿಯೇ ಕಂಡನು. ಮುಂದೆ ಸೊರ್ಬಾನ್ ವಿದ್ಯಾಪೀಠದ ಪ್ರಯೋಗಶಾಲೆಯನ್ನು ಸಂಬಳವಿಲ್ಲದೆ ಸೇರಿ, 1894ರಲ್ಲಿ ಅದರ ನಿರ್ದೇಶಕನಾದನು. ಶಾಲಾಮಕ್ಕಳ ತಲೆಬುರುಡೆಗಳನ್ನೂ ಅಳೆದು ನೋಡಿದನು. ಜಾಣರಿಗೂ ಹಿಂದುಳಿದವರಿಗೂ ಕಂಡ ಅಂತರ ಒಂದೆರಡು ಮಿಲಿಮೀಟರು ಮಾತ್ರ. ಅದೂ ತನ್ನ ನಿರೀಕ್ಷೆಯೇ ತನ್ನ ಕೈಯನ್ನು ನಡೆಸಿದುದರ ಫಲವಿರಬಹುದೆಂಬ ಸಂಶಯ ಆತನನ್ನು ಕಾಡಿತು. ಅಯಸ್ಕಾಂತದ ಪಾಠವನ್ನು ಆತನು ಮರೆತಿರಲಿಲ್ಲ.

ಫ್ರಾನ್ಸಿನಲ್ಲಿ 1882ರಿಂದ ಶಿಕ್ಷಣವು ಕಡ್ಡಾಯವಾಗಿದ್ದಿತು. ಎಲ್ಲ ಮಕ್ಕಳೂ ಶಾಲೆಗೆ ಬಂದಾಗ ಕೆಲವರು ಹಿಂದೆ ಬೀಳುವುದು ಎದ್ದು ಕಂಡಿತು. 1904ರಲ್ಲಿ ಸರಕಾರವು ನೇಮಿಸಿದ ಆಯೋಗದಲ್ಲಿ ಬಿನೆಯೂ ಒಬ್ಬ ಸದಸ್ಯನು. ಶಿಕ್ಷಕನ ಮಾತನ್ನಷ್ಟೇ ನಂಬಿದರೆ ತುಂಟನೂ ಬಡವನೂ ಮಂದಮತಿಗಳ ಸಾಲಿಗೆ ಸೇರಿಬಿಡುವ ಭಯವಿತ್ತು. ಆದುದರಿಂದ 1905ರಲ್ಲಿ ಆತನು ತರುಣ ವೈದ್ಯ ಥಿಯೋಡೋರ್ ಸಿಮೋನನೊಡನೆ 30 ಪ್ರಶ್ನೆಗಳ ಮಾಪಕವೊಂದನ್ನು ರಚಿಸಿದನು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಮೂರು ಅಂಕಿಗಳನ್ನು ಕೇಳಿ ಮರುನುಡಿಯುವುದು, ನೊಣಕ್ಕೂ ಚಿಟ್ಟೆಗೂ ಇರುವ ಭೇದವನ್ನು ಹೇಳುವುದು ಹೀಗೆ ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲುಗಳವು. ಓದುಬರಹದ ಪಾಂಡಿತ್ಯವನ್ನು ಬೇಕೆಂದೇ ದೂರವಿಟ್ಟನು. ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ, ಒಂದೇ ರೀತಿಯ ಸೂಚನೆ. ಉತ್ತರವನ್ನು ತೂಗುವುದು ಪರೀಕ್ಷಕನ ಅಂದಾಜಿನಿಂದಲ್ಲ, ಅದೇ ವಯಸ್ಸಿನ ಸಾಮಾನ್ಯ ಮಕ್ಕಳು ಕೊಟ್ಟ ಉತ್ತರಗಳಿಂದ. ಇಂದು ಮನೋಮಾಪನದ ಪಠ್ಯಗಳಲ್ಲಿ ಪ್ರಮಾಣೀಕರಣವೆಂದು ಓದುವುದರ ತಿರುಳು ಇದೇ. 1908ರ ಪರಿಷ್ಕರಣದಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ಅನುಸಾರವಾಗಿ ಜೋಡಿಸಿದನು. ಎಂಟು ವರ್ಷದ ಬಾಲಕನು ಆರು ವರ್ಷದವರ ಮೆಟ್ಟಿಲಿನಲ್ಲಿಯೇ ನಿಂತರೆ ಅವನ ಮಾನಸಿಕ ಮಟ್ಟ ಆರು ಎಂದಾಯಿತು.

ಆದರೆ ಈ ಮಟ್ಟವು ಹಣೆಬರಹವೆಂದು ಬಿನೆ ಎಂದೂ ಹೇಳಲಿಲ್ಲ. ಬಟ್ಟೆಯನ್ನು ಗಜದಿಂದ ಅಳೆದಂತೆ ಬುದ್ಧಿಯನ್ನು ಅಳೆಯಲಾಗದು, ಮಕ್ಕಳನ್ನು ಒಂದು ಕ್ರಮದಲ್ಲಿ ನಿಲ್ಲಿಸಬಹುದು ಅಷ್ಟೆ ಎಂಬುದು ಆತನ ನಿಲುವು. ಬುದ್ಧಿಯು ಬೆಳೆಯಲಾರದೆಂಬ ಮತವನ್ನು 1909ರ ಗ್ರಂಥದಲ್ಲಿ ತೀವ್ರವಾಗಿ ಖಂಡಿಸಿದನು. ಹಿಂದುಳಿದವರ ವರ್ಗಗಳಿಗಾಗಿ ಅವಧಾನವನ್ನು ಬಲಪಡಿಸುವ ವ್ಯಾಯಾಮಗಳನ್ನೂ ಯೋಜಿಸಿದನು. ಸಂಕೇತ ದೊರೆತೊಡನೆ ಇಡೀ ವರ್ಗ ವಿಗ್ರಹದಂತೆ ಅಲುಗದೆ ನಿಲ್ಲುವ ಆಟ ಅವುಗಳಲ್ಲಿ ಒಂದು. ಮೊದಲು ಕಲಿಯುವುದನ್ನು ಕಲಿಯಲಿ, ಪಾಠ ಆಮೇಲೆ ಎಂಬುದು ಆತನ ಅಭಿಪ್ರಾಯ.

1911ರಲ್ಲಿ ಮಾಪಕವನ್ನು ಎರಡನೆಯ ಸಲ ತಿದ್ದಿ, ಅದೇ ವರ್ಷದ ಅಕ್ಟೋಬರ್ 18ರಂದು 54ನೆಯ ವಯಸ್ಸಿನಲ್ಲಿ ಬಿನೆ ತೀರಿಕೊಂಡನು. ಮರುವರ್ಷವೇ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಸಲಹೆಯನ್ನು ಕೊಟ್ಟನು. 1916ರಲ್ಲಿ ಅಮೆರಿಕದ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿ ಬುದ್ಧಿಲಬ್ಧವನ್ನು ಬಳಕೆಗೆ ತಂದನು. ಸಹಾಯ ಬೇಕಾದ ಮಗುವನ್ನು ಹುಡುಕಲು ಹುಟ್ಟಿದ ಸಾಧನವು ಅಲ್ಲಿ ಹುಟ್ಟುಗುಣವನ್ನು ನಿರ್ಣಯಿಸುವ ಸಾಧನವಾಯಿತು. ವಲಸೆ ಬಂದ ಬಡಜನರನ್ನು ಮಂದಮತಿಗಳೆಂದು ವಿಂಗಡಿಸಲೂ ಬಳಕೆಯಾಯಿತು. 1961ರವರೆಗೆ ಬದುಕಿದ ಸಿಮೋನನು ಇದನ್ನು ಮೂಲ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ತಿಳಿದನು.

ನಮ್ಮ ಕಡೆಗೂ ಆ ಮಾಪಕ ಬಂದಿತು. ಮುಂಬಯಿ-ಕರ್ನಾಟಕದ ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಡಾ. ವಿ. ವಿ. ಕಾಮತರು ಅದನ್ನು ಅಳವಡಿಸಿದರು. ಈ ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂದಿತು. ಪ್ರಮಾಣಗಳು ಹಳೆಯವಾದುವೆಂಬ ಆಕ್ಷೇಪವಿದ್ದರೂ ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಭಾರತದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಯೂ ಮಗುವು ಪರೀಕ್ಷಕನ ಎದುರಿಗೆ ಒಂಟಿಯಾಗಿ ಕುಳಿತು, ಒಂದೊಂದೇ ಮೆಟ್ಟಿಲನ್ನು ಏರುತ್ತದೆ.