ದಿವಾನ್ ಶೇಷಾದ್ರಿ ಅಯ್ಯರ್

ಆಧುನಿಕ ಮೈಸೂರಿನ ನಿರ್ಮಾಪಕರನ್ನು ಸ್ಮರಿಸುವಾಗ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಬಿಡುವಂತಿಲ್ಲ. ಹದಿನೆಂಟು ವರ್ಷಗಳ ಕಾಲ ದಿವಾನಗಿರಿಯನ್ನು ನಿರ್ವಹಿಸಿದ ಅವರು ಕೈಗೊಂಡ ಜನೋಪಯೋಗಿ ಕಾರ್ಯಗಳು ಹಲವು. ಅವುಗಳಲ್ಲಿ ಮುಕುಟಪ್ರಾಯವಾದುದು ಶಿವನಸಮುದ್ರದ ವಿದ್ಯುತ್ ಯೋಜನೆ. ಆದರೆ ಅದು ಫಲಿಸಿದುದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ.

ಶೇಷಾದ್ರಿ ಅಯ್ಯರ್ 1845ರ ಜೂನ್ 1ರಂದು ಪಾಲಕ್ಕಾಡ್ ಸೀಮೆಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1868ರಲ್ಲಿ ಪದವಿ ಪಡೆದರು. ಅದೇ ವರ್ಷ ಮೈಸೂರಿನ ಸೇವೆಗೆ ಸೇರಿ, ತಮ್ಮ ದಕ್ಷತೆಯಿಂದ ಒಂದೊಂದೇ ಹುದ್ದೆಯನ್ನೇರಿದರು. 1883ರಲ್ಲಿ ದಿವಾನ್ ರಂಗಾಚಾರ್ಲು ಅವರು ನಿಧನ ಹೊಂದಿದಾಗ, ಮಹಾರಾಜ ಚಾಮರಾಜೇಂದ್ರ ಒಡೆಯರು ಆ ಹೊಣೆಯನ್ನು ಇವರಿಗೆ ವಹಿಸಿದರು. ಆಗ ಅವರಿಗಿನ್ನೂ ಮೂವತ್ತೇಳು ವರ್ಷ.

ಸಂಸ್ಥಾನದ ಸ್ಥಿತಿ ಆಗ ಆಶಾದಾಯಕವಾಗಿರಲಿಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡು, ಬೊಕ್ಕಸವನ್ನು ಸಾಲದಲ್ಲಿ ಮುಳುಗಿಸಿದ್ದಿತು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳೂ ಅಂದು ಈ ಸಂಸ್ಥಾನಕ್ಕೇ ಸೇರಿದ್ದವು. ಮಳೆ ಕೈಕೊಟ್ಟರೆ ರೈತನಿಗೆ ಬೇರೆ ಗತಿಯಿಲ್ಲ ಎಂಬುದನ್ನು ದಿವಾನರು ಅರಿತಿದ್ದರು. ಬೆಂಗಳೂರಿನಿಂದ ದಾವಣಗೆರೆಯ ಮಾರ್ಗವಾಗಿ ಹರಿಹರವನ್ನು ಮುಟ್ಟುವ ರೈಲುದಾರಿ 1889ರಲ್ಲಿ ಪೂರ್ಣಗೊಂಡಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟನ್ನು ಕಟ್ಟುವ ಕಾರ್ಯವು 1898ರಲ್ಲಿ ಆರಂಭವಾಯಿತು.

ಈ ನಡುವೆ ಕೋಲಾರದ ಚಿನ್ನದ ಗಣಿಗಳು ಸಂಸ್ಥಾನಕ್ಕೆ ಮುಖ್ಯ ಆದಾಯವನ್ನು ತರತೊಡಗಿದ್ದವು. ಆದರೆ ಅಲ್ಲಿಯ ಯಂತ್ರಗಳು ನಡೆಯುತ್ತಿದ್ದುದು ಉಗಿಯಿಂದ; ಅದಕ್ಕೆ ಬೇಕಾದ ಸೌದೆ, ಕಲ್ಲಿದ್ದಲುಗಳ ವೆಚ್ಚ ಅಪಾರ. ಇತ್ತ ಕಾವೇರಿಯ ನೀರು ಶಿವನಸಮುದ್ರದಲ್ಲಿ ವ್ಯರ್ಥವಾಗಿ ಧುಮುಕುತ್ತಿದ್ದಿತು. ಈ ಜಲಶಕ್ತಿಯನ್ನು ವಿದ್ಯುತ್ತಾಗಿ ಪರಿವರ್ತಿಸಿ ಗಣಿಗಳಿಗೆ ಒದಗಿಸಬಹುದೆಂಬ ಯೋಜನೆಯನ್ನು, ಸಂಸ್ಥಾನದ ಎಂಜಿನಿಯರಾಗಿದ್ದ ಜಾಲಿ ದ ಲಾಟ್‌ಬಿನಿಯರ್ ಅವರು 1899ರಲ್ಲಿ ಮುಂದಿಟ್ಟರು.

ಸಂದೇಹಕ್ಕೆ ಕಾರಣವಿದ್ದಿತು. ಡಾರ್ಜಿಲಿಂಗಿನಲ್ಲಿ 1897ರಲ್ಲಿಯೇ ಜಲವಿದ್ಯುತ್ ಕೇಂದ್ರವೊಂದು ಪ್ರಾರಂಭವಾಗಿದ್ದರೂ ಅದು ಚಿಕ್ಕದು. ಹತ್ತಿರದ ಊರಿಗೆ ಬೆಳಕು ನೀಡುವುದಷ್ಟೇ ಅದರ ಕೆಲಸ. ಇಲ್ಲಿಯಾದರೋ ಗಣಿಗಳು ಸುಮಾರು 147 ಕಿಲೋಮೀಟರ್ ದೂರದಲ್ಲಿದ್ದವು. ಅಷ್ಟು ಉದ್ದದ ತಂತಿಯಲ್ಲಿ ಹರಿಯುವಾಗ ವಿದ್ಯುತ್ತು ದಾರಿಯಲ್ಲಿಯೇ ಶಾಖವಾಗಿ ನಷ್ಟವಾದರೆ, ಸಾಲದಿಂದ ಚೇತರಿಸಿಕೊಂಡ ಬಡ ಸಂಸ್ಥಾನದ ಹಣವೆಲ್ಲ ನೀರುಪಾಲಾಗುತ್ತಿದ್ದಿತು.

ಈ ಸಂದೇಹವನ್ನು ಪರಿಹರಿಸಬಲ್ಲುದು ಲೆಕ್ಕವೊಂದೇ. ತಂತಿಯ ಎರಡು ತುದಿಗಳ ನಡುವಣ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ತಂತಿಯ ರೋಧ ದೊರೆಯುತ್ತದೆ. ಇದು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯವು ವಾಟ್‌ಗಳಲ್ಲಿ ದೊರೆಯುತ್ತದೆ. ತತ್ತ್ವವನ್ನು ತಿಳಿಯಲು ಒಂದು ಸರಳ ಉದಾಹರಣೆ ಸಾಕು. ಐದು ಓಮ್ ರೋಧವುಳ್ಳ ತಂತಿಯ ಮೂಲಕ 35,00,000 ವಾಟ್ ಸಾಮರ್ಥ್ಯವನ್ನು ಕಳುಹಿಸಬೇಕಾಗಿದೆ ಎಂದು ಭಾವಿಸಿರಿ. ವೋಲ್ಟೇಜು 3,500 ಆದರೆ ಪ್ರವಾಹವು 1,000 ಆಂಪೇರ್ ಆಗಬೇಕು. ಅಷ್ಟು ಪ್ರವಾಹವನ್ನು ತಂತಿಯಲ್ಲಿ ಹರಿಸುವುದಕ್ಕೇ 5,000 ವೋಲ್ಟ್ ಬೇಕು. ಇರುವುದಕ್ಕಿಂತ ಬೇಕಾದುದೇ ಹೆಚ್ಚು! ಎಂದರೆ ಆ ಕಾರ್ಯ ಅಸಾಧ್ಯ. ವೋಲ್ಟೇಜನ್ನು 35,000ಕ್ಕೆ ಏರಿಸಿದರೆ ಪ್ರವಾಹವು ಕೇವಲ 100 ಆಂಪೇರಿಗೆ ಇಳಿಯುತ್ತದೆ. ಆಗ ತಂತಿಯಲ್ಲಿ ಕಳೆದುಹೋಗುವುದು 500 ವೋಲ್ಟ್. ನಷ್ಟವಾಗುವ ಸಾಮರ್ಥ್ಯ 50,000 ವಾಟ್, ಅಂದರೆ ಎಪ್ಪತ್ತರಲ್ಲಿ ಒಂದು ಪಾಲು ಮಾತ್ರ.

ದಿವಾನರು ಸ್ವತಃ ಎಂಜಿನಿಯರರಲ್ಲ. ಆದರೂ ತಿಳಿದವರ ಲೆಕ್ಕದಲ್ಲಿ ವಿಶ್ವಾಸವಿಡುವ ಧೈರ್ಯ ಅವರಲ್ಲಿದ್ದಿತು. ಲಾಟ್‌ಬಿನಿಯರ್ ಅವರು ಯೂರೋಪು, ಅಮೆರಿಕಗಳಿಗೆ ಹೋಗಿ ಯಂತ್ರೋಪಕರಣಗಳಿಗೆ ಏರ್ಪಾಡು ಮಾಡಿದರು. ಗಣಿಗಳ ಒಡೆಯರೊಡನೆ ಒಪ್ಪಂದವಾಯಿತು. ಸುಮಾರು 35,000 ವೋಲ್ಟಿನ ಮಾರ್ಗದ ಕಂಬಗಳು ಕಾವೇರಿಯಿಂದ ಕೋಲಾರದ ಕಡೆಗೆ ಸಾಲುಗಟ್ಟಿ ನಡೆದವು.

ಅಷ್ಟರಲ್ಲಿ ಅವಿಶ್ರಾಂತ ದುಡಿಮೆಯಿಂದ ಶೇಷಾದ್ರಿ ಅಯ್ಯರ್ ಅವರ ದೇಹಸ್ಥಿತಿ ಕುಸಿದಿದ್ದಿತು. 1901ರ ಮಾರ್ಚಿಯಲ್ಲಿ ನಿವೃತ್ತರಾದ ಅವರು ಅದೇ ವರ್ಷದ ಸೆಪ್ಟೆಂಬರ್ 13ರಂದು ಕಾಲವಶರಾದರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು, ಲೆಕ್ಕ ಸುಳ್ಳಾಗಲಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಶಿವನಸಮುದ್ರದ ಕೇಂದ್ರಕ್ಕೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಅಂದು ಗಣಿಗಳಿಗಾಗಿ ಹೊರಟ ವಿದ್ಯುತ್ತು ಕಾಲಕ್ರಮದಲ್ಲಿ ಹಳ್ಳಿಹಳ್ಳಿಗಳನ್ನು ಮುಟ್ಟಿತು. ಚನ್ನಗಿರಿಯ ಅಡಕೆ ತೋಟಗಳಿಗೂ ಹೊನ್ನಾಳಿ, ನ್ಯಾಮತಿಗಳ ಹೊಲಗದ್ದೆಗಳಿಗೂ ಜಗಳೂರಿನ ಕೊಳವೆಬಾವಿಗಳಿಗೂ ಇಂದು ಅದೇ ತತ್ತ್ವದ ಮೇಲೆ ವಿದ್ಯುತ್ತು ಬರುತ್ತದೆ. 11,000 ವೋಲ್ಟಿನಲ್ಲಿ ಬಂದ ವಿದ್ಯುತ್ತನ್ನು ಹೊಲದ ಅಂಚಿನ ಟ್ರಾನ್ಸ್‌ಫಾರ್ಮರು ಸುಮಾರು 400 ವೋಲ್ಟಿಗೆ ಇಳಿಸುತ್ತದೆ. ಏಕಕಾಲಕ್ಕೆ ಹಲವು ಪಂಪುಗಳು ನಡೆದಾಗ ತಂತಿಯಲ್ಲಿ ಪ್ರವಾಹ ಹೆಚ್ಚಿ, ಕೊನೆಯ ಹೊಲದಲ್ಲಿ ವೋಲ್ಟೇಜು ಕುಗ್ಗುವುದನ್ನೂ, ಮೋಟಾರು ಬಿಸಿಯಾಗಿ ಸುಟ್ಟುಹೋಗುವುದನ್ನೂ ಅಲ್ಲಿಯ ರೈತರು ಬಲ್ಲರು. ದಿವಾನರ ಮುಂದಿದ್ದ ಪ್ರಶ್ನೆಯೂ ಇದೇ ಆಗಿದ್ದಿತು. ಅದಕ್ಕೆ ಉತ್ತರವನ್ನು ಲೆಕ್ಕದಲ್ಲಿ ಕಂಡು, ತಾವು ಕಾಣದ ದಿನಕ್ಕಾಗಿ ದುಡಿದ ಅವರನ್ನು ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ.