ಅವಸರಕ್ಕೆ ಒಗ್ಗದ ಕಿಟೆಲ್

ನಿವೃತ್ತಿಯ ನಂತರ ಆಗೊಮ್ಮೆ ಈಗೊಮ್ಮೆ ಕಾಲೇಜುಗಳ ಸಮಾರಂಭಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬದುಕಿನಲ್ಲಿ ಬೇಗ ನೆಲೆಯೂರುವುದು ಹೇಗೆ? ಅಂಥವರಿಗೆ ನಾನು ಉಪದೇಶ ಮಾಡಲು ಹೋಗುವುದಿಲ್ಲ. ಫರ್ಡಿನೆಂಡ್ ಕಿಟೆಲ್ ಅವರ ಜೀವನವನ್ನು ಹೇಳುತ್ತೇನೆ. ಆ ದಪ್ಪ ನಿಘಂಟಿನ ಕರ್ತೃ ಎಂಬುದರ ಆಚೆಗೆ ಅವರ ಬಗ್ಗೆ ನಮ್ಮಲ್ಲಿ ಅನೇಕರಿಗೆ ತಿಳಿದಿರುವುದು ಕಡಿಮೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಅದೇ ವರ್ಷ. ಬಾಸೆಲ್ ಮಿಷನ್ ಅವರನ್ನು 1853ರಲ್ಲಿ ಭಾರತಕ್ಕೆ ಕಳುಹಿಸಿದಾಗ ಅವರಿಗೆ 21 ವರ್ಷ. ಬಂದದ್ದು ಮತಪ್ರಚಾರಕ್ಕೆ, ಮನಸ್ಸು ನೆಟ್ಟದ್ದು ಭಾಷೆಯಲ್ಲಿ. ಕಾಲ್ನಡಿಗೆಯಲ್ಲಿ ಊರೂರು ಸುತ್ತಿ, ಸ್ಥಳೀಯರಂತೆ ಬದುಕಬೇಕೆಂಬ ಅವರ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಅವರ ನೆಲೆ ಬದಲಾಗುತ್ತಲೇ ಇತ್ತು. ಮೊದಲ ಪತ್ನಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮತಾಂತರಗೊಂಡವರ ಸಂಖ್ಯೆಯೇ ಅಳತೆಗೋಲಾಗಿದ್ದ ಸಂಸ್ಥೆಯಲ್ಲಿ ಅವರು ಯಶಸ್ವಿ ಪ್ರಚಾರಕರೆನಿಸಿಕೊಳ್ಳಲಿಲ್ಲ. ಸರ್ಕಾರಿ ಸೇವೆಯಲ್ಲಿ ವರ್ಷವರ್ಷವೂ ಗೋಪ್ಯ ವರದಿಗಳನ್ನು ಬರೆದವನು ನಾನು. ಕಿಟೆಲ್ ಅವರದು ಹೇಗಿದ್ದೀತೆಂದು ಊಹಿಸಬಲ್ಲೆ.

ನಾನು ತರುಣರಿಗೆ ವಿಶೇಷವಾಗಿ ಹೇಳುವುದು ಅವರ ಸಿದ್ಧತೆಯ ಬಗ್ಗೆ. ನಿಘಂಟು ಮಾಡಲು ಪದಗಳನ್ನು ಕೂಡಿಹಾಕಿದರೆ ಸಾಲದು, ಹಳಗನ್ನಡದ ವ್ಯಾಕರಣ ಮತ್ತು ಛಂದಸ್ಸು ಕರಗತವಾಗಬೇಕು. ಕ್ರಿಸ್ತನ ಚರಿತೆಯನ್ನು ದೇಸಿ ಛಂದಸ್ಸಿನಲ್ಲಿ ಹಾಡಿದ ‘ಕಥಾಮಾಲೆ’ ಬಂದದ್ದು 1862ರಲ್ಲಿ. ಹತ್ತು ವರ್ಷಗಳ ನಂತರ, 1872ರಲ್ಲಿ, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು. ಹೆಸರು ತಂದುಕೊಡುವ ದೊಡ್ಡ ಕೃತಿ ಇನ್ನೂ ದೂರವಿತ್ತು. ಸ್ಥಳೀಯ ಪಂಡಿತರ ನೆರವಿನಿಂದ ಹಸ್ತಪ್ರತಿಗಳನ್ನು ಜಾಲಾಡಿ, ಪದಗಳಿಗೆ ಕಾವ್ಯಗಳಿಂದ ಪ್ರಯೋಗಗಳನ್ನು ಹುಡುಕಿದರು. ತಮಿಳು, ತೆಲುಗು, ಮಲಯಾಳ, ತುಳುವಿನ ಜ್ಞಾತಿಪದಗಳನ್ನು ಹೊಂದಿಸಿದರು. ಗಿಡಮರಗಳಿಗೆ ಸಸ್ಯಶಾಸ್ತ್ರೀಯ ಹೆಸರು ಕೊಟ್ಟರು. ಜನರ ಬಾಯಿಯ ಗಾದೆಗಳಿಗೂ ಜಾಗ ಕೊಟ್ಟರು, ಪಂಡಿತರ ಮಾತಿಗೆ ಕೊಟ್ಟಷ್ಟೇ ಮರ್ಯಾದೆಯಿಂದ. ಈ ಒಂದು ಕಾರಣಕ್ಕೇ ನನಗೆ ಆ ನಿಘಂಟಿನ ಮೇಲೆ ವಿಶೇಷ ಪ್ರೀತಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾವು ಕಲಿತ ಲೆಕ್ಕವೊಂದಿದೆ. ಶೇಕಡ 10ರ ದರದಲ್ಲಿ ಕಳೆಯುತ್ತಾ ಬಂದರೆ, 20 ವರ್ಷಗಳ ನಂತರ ಕೈಸೇರುವ ಒಂದು ರೂಪಾಯಿಯ ಇಂದಿನ ಬೆಲೆ ಸುಮಾರು 15 ಪೈಸೆ. 40 ವರ್ಷವಾದರೆ ಎರಡು ಪೈಸೆ ಚಿಲ್ಲರೆ. ಈ ಸೂತ್ರವನ್ನು ನಂಬಿದ್ದರೆ ಕಿಟೆಲ್ ಕೆಲಸ ಆರಂಭಿಸುತ್ತಲೇ ಇರಲಿಲ್ಲ. ನನ್ನ ಮೇಜಿಗೆ ಅಂಥದೊಂದು ಪ್ರಸ್ತಾವ ಬಂದಿದ್ದರೆ ಹಣಕಾಸು ಇಲಾಖೆಗಳ ವಾಡಿಕೆಯಂತೆ ಕಡತ ಹಿಂದಕ್ಕೆ ಹೋಗುತ್ತಿತ್ತು ಎಂಬುದರಲ್ಲೂ ಅನುಮಾನವಿಲ್ಲ.

ಅವರು 1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿಯೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ನಿಘಂಟಿಗಾಗಿ ಮತ್ತೆ ಬಂದರು. ಶಾಶ್ವತವಾಗಿ ತಾಯ್ನಾಡಿಗೆ ತೆರಳಿದ್ದು 1892ರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಪ್ರಕಟವಾಯಿತು: ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

ನಿಘಂಟಿನ ಕೆಲಸ ಕನ್ನಡದಲ್ಲಿ ಎಂದೂ ಬೇಗ ಮುಗಿದದ್ದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದರೆ, ಎಂಟನೆಯದು ಬಂದದ್ದು 1995ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ ಕಿಟೆಲ್ ಕೋಶವನ್ನೇ ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು.

ನಮ್ಮಲ್ಲಿ ಅರವತ್ತಕ್ಕೆ ಕೈತೊಳೆದುಕೊಳ್ಳುವುದು ಪದ್ಧತಿ. ಕಿಟೆಲ್ ಅರವತ್ತರ ಆಚೆಗೂ, ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಕುಳಿತು, ಇಂಗ್ಲಿಷಿನಲ್ಲಿ ಕನ್ನಡದ ವ್ಯಾಕರಣ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, 71ನೇ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.