ಸಭಾಪತಿ ಶ್ರೀ ಬಸಪ್ಪ ದಾನಪ್ಪ ಜತ್ತಿ

ನಮ್ಮ ಜಮಖಂಡಿ ಸೀಮೆಯಲ್ಲಿ ಶ್ರೀ ಬಿ. ಡಿ. ಜತ್ತಿಯವರ ಹೆಸರನ್ನು ಕೇಳದವರು ವಿರಳ. ಮುಖ್ಯಮಂತ್ರಿಯಾಗಿದ್ದರು, ರಾಜ್ಯಪಾಲರಾಗಿದ್ದರು, ಕೆಲವು ತಿಂಗಳು ರಾಷ್ಟ್ರಪತಿಯ ಸ್ಥಾನದಲ್ಲಿಯೂ ಕುಳಿತಿದ್ದರು ಎಂದು ಕಟ್ಟೆಯ ಮೇಲಿನ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ 1974ರಿಂದ 1979ರ ವರೆಗೆ ಉಪರಾಷ್ಟ್ರಪತಿಗಳಾಗಿ ಅವರು ಮಾಡುತ್ತಿದ್ದ ನಿತ್ಯದ ಕೆಲಸ ಯಾವುದೆಂದು ಕೇಳಿದರೆ ಕಟ್ಟೆ ಸುಮ್ಮನಾಗುತ್ತದೆ. ಸಂವಿಧಾನವು ಉಪರಾಷ್ಟ್ರಪತಿಗೆ ಗೊತ್ತುಪಡಿಸಿದ ನಿತ್ಯದ ಕೆಲಸ ಒಂದೇ. ರಾಜ್ಯಸಭೆಯ ಸಭಾಪತಿಯಾಗಿ ಕುಳಿತು, ಆ ದಿನದ ಕಾರ್ಯಕಲಾಪಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆಯಿಸುವುದು. ಜತ್ತಿಯವರ ಜೀವನದ ಅತ್ಯಂತ ಕಠಿಣವಾದ ಪರೀಕ್ಷೆ ಈ ಪಟ್ಟಿಯ ಮುಂದೆಯೇ ನಡೆಯಿತೆಂಬುದು ನನ್ನ ಅಭಿಪ್ರಾಯ. ಆದುದರಿಂದ ಅವರ ಮಿಕ್ಕ ಪದವಿಗಳನ್ನು ಬೇಗನೆ ದಾಟಿ ಆ ಪೀಠದ ಬಳಿ ತುಸು ಹೆಚ್ಚು ಹೊತ್ತು ನಿಲ್ಲುವೆನು.

ಜತ್ತಿಯವರು 1912ನೆಯ ಇಸವಿ ಸಪ್ಟೆಂಬರ 10ರಂದು ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನಿಸಿದರು. ತಂದೆ ದಾನಪ್ಪನವರದು ಕಿರಾಣಿ ವ್ಯಾಪಾರ. ಅಂದಿನ ರೂಢಿಯಂತೆ ಹತ್ತು ವರುಷದ ಹುಡುಗನಾಗಿರುವಾಗಲೇ ಅವರ ಲಗ್ನವಾಯಿತು. ಜಮಖಂಡಿಯು ಆಗ ಪಟವರ್ಧನ ಮನೆತನದ ಚಿಕ್ಕ ಸಂಸ್ಥಾನ. ಊರಲ್ಲಿ ಕಾಲೇಜಿರಲಿಲ್ಲ. ಬಿ. ಎ. ಪದವಿಗಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೂ, ಕಾಯಿದೆಯ ವ್ಯಾಸಂಗಕ್ಕಾಗಿ ಅಲ್ಲಿಯದೇ ಆದ ಸೈಕ್ಸ್ ಲಾ ಕಾಲೇಜಿಗೂ ಅವರು ಹೋಗಬೇಕಾಯಿತು. ಇಂದು ಚಿಮ್ಮಡದಂಥ ಹಳ್ಳಿಯಿಂದ ಮುಂಜಾನೆಯ ಬಸ್ಸು ಹಿಡಿದು ಬಂದು, ಸಂಜೆಯ ಬಸ್ಸಿಗೆ ಮರಳಿ ಪದವಿ ಪಡೆಯುವ ನಮಗೆ, ಒಂದು ಡಿಗ್ರಿಗಾಗಿ ಊರು ಬಿಟ್ಟು ಪರಭಾಷೆಯ ನಗರದಲ್ಲಿ ನೆಲೆಸುವುದೆಂದರೇನೆಂಬುದು ಕೂಡಲೇ ಮನಸ್ಸಿಗೆ ಹತ್ತಲಾರದು.

ವಕೀಲಿ ಮಾಡಲು ಜಮಖಂಡಿಗೆ ಮರಳಿದ ಜತ್ತಿಯವರು 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಸಭೆ ನಡೆಯಿಸುವ ಮೊದಲ ಪಾಠ ಅವರಿಗೆ ದೊರೆತದ್ದು ಇಲ್ಲಿ. ಪುರಸಭೆಯ ಅಧ್ಯಕ್ಷನ ಮುಂದೆಯೂ ಒಂದು ಅಜೆಂಡಾ ಇರುತ್ತದೆ. ನೀರು, ಗಟಾರ, ದೀಪ, ಪಟ್ಟಿ ವಸೂಲಿ ಎಲ್ಲವೂ ಅದರಲ್ಲಿ ಸರತಿಯಂತೆ ಬರುತ್ತವೆ, ಠರಾವುಗಳು ಆಗುತ್ತವೆ. ಮುಂದೆ ಅವರು ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದು ಮಂತ್ರಿಗಳಾದರು. 1948ರಲ್ಲಿ ದಿವಾಣರೂ ಆದರು. ಅದೇ ವರುಷ ಮಾರ್ಚಿ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಿವಾಣರು ಮತ್ತೆ ವಕೀಲರಾಗಿ ಕರಿ ಕೋಟು ತೊಟ್ಟರು. ಸುಮಾರು ಇಪ್ಪತ್ತು ತಿಂಗಳ ನಂತರ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು, ಮುಖ್ಯಮಂತ್ರಿ ಬಿ. ಜಿ. ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಯ ಕೆಲಸವೂ ಬಂದಿತು. 1952ರ ಚುನಾವಣೆಯ ತರುವಾಯ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳಲ್ಲಿ ದುಡಿದರು.

1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಜತ್ತಿಯವರು ಮಾಡಿದ ಒಂದು ಕೆಲಸವನ್ನು ನಮ್ಮ ರೈತರು ನೆನೆಯಲೇಬೇಕು. ಭೂಸುಧಾರಣೆಯನ್ನು ಕುರಿತು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1961ರ ಮೈಸೂರು ಭೂಸುಧಾರಣಾ ಕಾಯಿದೆಗೆ ದಾರಿ ಮಾಡಿದ್ದು ಆ ಸಮಿತಿಯ ವರದಿ. 1958ರ ಮೇ 16ರಿಂದ 1962ರ ಮಾರ್ಚಿ ತಿಂಗಳ ವರೆಗೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ತರುವಾಯ ಶ್ರೀ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿ ಕುಳಿತರು. ಮುಖ್ಯಮಂತ್ರಿಯಾಗಿದ್ದವರು ಮತ್ತೊಬ್ಬರ ಕೈಕೆಳಗೆ ಕುಳಿತುಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. 1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರರಾದರು. 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಒರಿಸ್ಸಾದಲ್ಲಿ 1973ರ ಮಾರ್ಚಿಯಿಂದ ಒಂದು ವರುಷ ರಾಷ್ಟ್ರಪತಿ ಆಳ್ವಿಕೆ ಇದ್ದಿತು. ಪುರಸಭೆಯಿಂದ ಮೊದಲುಗೊಂಡು ಸಭೆಗಳಲ್ಲಿಯೇ ಬೆಳೆದ ಮನುಷ್ಯ ಅಲ್ಲಿ ಸಭೆಯಿಲ್ಲದೆ ರಾಜ್ಯವಾಳಬೇಕಾಯಿತು!

1974ರ ಆಗಸ್ಟಿನಲ್ಲಿ ಉಪರಾಷ್ಟ್ರಪತಿಯ ಚುನಾವಣೆ. ಶ್ರೀ ನಿರಲ್ ಎನೆಂ ಹೋರೋ ಅವರಿಗೆ 141 ಮತಗಳು ಬಂದರೆ ಜತ್ತಿಯವರಿಗೆ 521 ಬಂದವು. ಆ ತಿಂಗಳು 31ರಂದು ಅವರು ಅಧಿಕಾರ ವಹಿಸಿದರು. ಸಾವಳಗಿಯ ಕಿರಾಣಿ ಅಂಗಡಿಯವರ ಮಗ ಕೆಂಪು ಹಾಸಿನ ರಾಜ್ಯಸಭೆಯ ಎತ್ತರದ ಪೀಠವನ್ನೇರಿದರು.

ಈ ಪೀಠದ ಮುಂದೆ ಒಂದು ದಿನ ಹೇಗೆ ಸಾಗುತ್ತದೆಂಬುದನ್ನು ಇಲ್ಲಿ ಹೇಳಿಬಿಡುವುದೊಳಿತು. ಯಾವ ವಿಷಯ ಯಾವುದರ ಹಿಂದೆ ಬರಬೇಕೆಂಬುದು ಪಟ್ಟಿಯಲ್ಲಿ ಮುಂಚೆಯೇ ಅಚ್ಚಾಗಿ ಸದಸ್ಯರ ಕೈ ಸೇರಿರುತ್ತದೆ. ಆ ಕಾಲದಲ್ಲಿ ಬೆಳಿಗ್ಗೆ 11 ಗಂಟೆಗೆ ಸಭಾಪತಿ ಬಂದು ಕುಳಿತರೆ, ಹೊಸ ಸದಸ್ಯರ ಪ್ರಮಾಣವಚನವೋ ತೀರಿಕೊಂಡವರ ಸ್ಮರಣೆಯೋ ಇದ್ದರೆ ಅದು ಮೊದಲು. ಆಮೇಲೆ ಪ್ರಶ್ನೋತ್ತರದ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಬೆನ್ನ ಹಿಂದೆ ಉಪಪ್ರಶ್ನೆಗಳು ಬರುತ್ತವೆ. ಅವುಗಳ ಉತ್ತರವನ್ನು ಯಾವ ಕಾರಕೂನನೂ ಮೊದಲೇ ಪೂರ್ತಿ ಬರೆದುಕೊಟ್ಟಿರಲಾರನು. ಚುಕ್ಕೆಯಿಲ್ಲದ ಪ್ರಶ್ನೆಗೆ ಬರಹದ ಉತ್ತರ ಸಾಕು. 12 ಗಂಟೆಗೆ ಮಂತ್ರಿಗಳು ಕಾಗದಪತ್ರಗಳನ್ನು ಸಭೆಯ ಮುಂದಿಡುತ್ತಾರೆ. ಲೋಕಸಭೆಯಿಂದ ಬಂದ ಸಂದೇಶಗಳನ್ನು ಓದುತ್ತಾರೆ. ಗಮನ ಸೆಳೆಯುವ ಸೂಚನೆಗಳಿರುತ್ತವೆ. ನಿಯಮದ ಪುಸ್ತಕದಲ್ಲಿಲ್ಲದಿದ್ದರೂ ಸದಸ್ಯರೇ ರೂಢಿಗೆ ತಂದ ಶೂನ್ಯವೇಳೆಯ ಗದ್ದಲವೂ ಇರುತ್ತದೆ. ಊಟದ ಬಿಡುವಿನ ಬಳಿಕ ಮಸೂದೆಗಳು. ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆಯ ಕಾಲ ಮಂತ್ರಿಗಳಲ್ಲದ ಸದಸ್ಯರು ತಂದ ಮಸೂದೆ ಠರಾವುಗಳಿಗೆ ಮೀಸಲು. (2014ರ ನವೆಂಬರಿನಿಂದ ರಾಜ್ಯಸಭೆಯ ಪ್ರಶ್ನೋತ್ತರವನ್ನು 12 ಗಂಟೆಗೆ ಸರಿಸಲಾಗಿದೆ. ಬೆಳಗಿನ ಗದ್ದಲ ಪ್ರಶ್ನೆಗಳನ್ನೇ ನುಂಗತೊಡಗಿದ್ದುದು ಇದಕ್ಕೆ ಕಾರಣ.)

ಈ ಎಲ್ಲದರಲ್ಲಿ ಸರಕಾರವು ಕೇಳುವವನ ಮುಂದೆ ನಿಲ್ಲಬೇಕಾದ ಗಂಟೆ ಪ್ರಶ್ನೋತ್ತರದ್ದೊಂದೇ. ಬನಹಟ್ಟಿಯ ನೇಕಾರನಿಗೆ ನೂಲು ಯಾಕೆ ತುಟ್ಟಿಯಾಯಿತು, ಮುಧೋಳದ ಕಬ್ಬಿನ ಬಾಕಿ ಯಾವಾಗ ಕೈಸೇರುವುದು ಎಂಬ ಮಾತು ದಿಲ್ಲಿಯವರೆಗೆ ಹೋಗಿ, ಒಬ್ಬ ಮಂತ್ರಿಯನ್ನು ಎಬ್ಬಿಸಿ ನಿಲ್ಲಿಸಬಹುದಾದುದು ಈ ಗಂಟೆಯಲ್ಲಿ. ಮಸೂದೆಗಳನ್ನು ಬಹುಮತವಿದ್ದವರು ಹೇಗೂ ಪಾಸು ಮಾಡಿಕೊಳ್ಳುವರು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ, ಸಂಸತ್ತಿನ ಸಮಿತಿಯೊಂದರ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ರಾಜ್ಯಸಭೆಯ ಸದಸ್ಯ ಶ್ರೀ ಎಲ್. ಕೆ. ಅಡವಾಣಿಯವರನ್ನು ಅಲ್ಲಿಯೇ ಬಂಧಿಸಲಾಯಿತು. ಜುಲೈ 21ರಂದು ಅಧಿವೇಶನ ಸೇರಿದಾಗ ವಿರೋಧ ಪಕ್ಷದ ಹಲವು ಪೀಠಗಳು ಬರಿದಾಗಿದ್ದವು. ಅಂದಿನ ದಿನವೇ ಸರಕಾರದ ಪರವಾಗಿ ಒಂದು ಸೂಚನೆ ಬಂದಿತು. ಈ ಅಧಿವೇಶನದಲ್ಲಿ ಸರಕಾರದ ತುರ್ತು ಕಾರ್ಯಗಳನ್ನಷ್ಟೇ ನಡೆಯಿಸಬೇಕು. ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ಖಾಸಗಿ ಸದಸ್ಯರ ಕಾರ್ಯ ಇವೆಲ್ಲ ಬೇಡ. ಅವುಗಳಿಗೆ ಸಂಬಂಧಿಸಿದ ನಿಯಮಗಳನ್ನು ಅಮಾನತಿನಲ್ಲಿಡಬೇಕು. ಸೂಚನೆ ಪಾಸಾಯಿತು. ಮಗ್ಗದ ಮೇಲಿನ ಹಾಸಿನಿಂದ ಮೊದಲ ಎಳೆಗಳನ್ನು ಕತ್ತರಿಸಿ ಮಿಕ್ಕುದನ್ನು ನೇಯಿರೆಂದ ಹಾಗಾಯಿತು. ಸಭೆಯೊಳಗೆ ನಡೆದುದೂ ಜನರಿಗೆ ಪೂರ್ತಿ ತಿಳಿಯುವಂತಿರಲಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರು ಇದ್ದಿತು. ಮಂತ್ರಿಗಳ ಹೇಳಿಕೆಗಳನ್ನು ಅಚ್ಚು ಹಾಕಬಹುದು. ವಿರೋಧಿಸಿದವರ ಹೆಸರನ್ನು ಹಾಕಬಹುದು, ಅವರು ಆಡಿದ ಮಾತನ್ನಲ್ಲ. ಸಂಸತ್ತಿನ ನಡವಳಿಯನ್ನು ಪ್ರಕಟಿಸಲು ಪತ್ರಿಕೆಗಳಿಗೆ ರಕ್ಷಣೆ ಕೊಟ್ಟಿದ್ದ 1956ರ ಕಾಯಿದೆಯನ್ನೂ 1976ರಲ್ಲಿ ರದ್ದುಪಡಿಸಿದರು.

ಇಂಥ ಕಾಲದಲ್ಲಿ ಸಭಾಪತಿ ಪೀಠ ನಮ್ಮ ಜತ್ತಿಯವರದಾಗಿದ್ದಿತು. ಅವರು ಪೀಠ ಬಿಟ್ಟಿಳಿಯಲಿಲ್ಲ. ಅವರ ಪರವಾಗಿ ಹೇಳುವವರು, ಸಭಾಪತಿಯು ಸಭೆಯ ಸದಸ್ಯನೇ ಅಲ್ಲ, ಎರಡೂ ಕಡೆ ಮತಗಳು ಸಮವಾದಾಗಲ್ಲದೆ ಅವನಿಗೆ ಮತವಿಲ್ಲ, ಸಭೆಯೇ ತನ್ನ ನಿಯಮವನ್ನು ಬದಿಗಿಟ್ಟರೆ ಅವನು ಮಾಡುವುದೇನು ಎನ್ನುತ್ತಾರೆ. ನಿಯಮದ ಮಟ್ಟಿಗೆ ಈ ಮಾತು ಸರಿ. ಆದರೆ ರಾಜೀನಾಮೆಯ ಕಾಗದಕ್ಕೆ ಯಾರ ಬಹುಮತವೂ ಬೇಡ. ನಮ್ಮ ತಾಲೂಕಿನವರೆಂಬ ಅಭಿಮಾನದಿಂದ ಈ ಸಂಗತಿಯನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಅದೇ ಅವಧಿಯಲ್ಲಿ 42ನೆಯ ತಿದ್ದುಪಡಿಯೂ ಅವರು ಸಭಾಪತಿಯಾಗಿದ್ದ ಸಭೆಯಲ್ಲಿಯೇ ಪಾಸಾಯಿತು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು ಸಂವಿಧಾನದಲ್ಲಿ ಬರೆದದ್ದು ಆ ತಿದ್ದುಪಡಿ. ಆ ವಾಕ್ಯವು ತಮ್ಮ ಕೈಯನ್ನೇ ಕಟ್ಟಲಿರುವುದೆಂದು ಅಂದು ಅವರಿಗೆ ಹೊಳೆದಿರಲಾರದು.

1976ರ ಆಗಸ್ಟ್ 10ರಂದು ವಿಚಿತ್ರವಾದ ಘಟನೆಯೊಂದು ನಡೆಯಿತು. ಪೋಲೀಸರು ಹುಡುಕುತ್ತಿದ್ದ ಸದಸ್ಯ ಶ್ರೀ ಸುಬ್ರಮಣಿಯನ್ ಸ್ವಾಮಿಯವರು ಎಲ್ಲಿಂದಲೋ ಸಭೆಯೊಳಗೆ ಬಂದುಬಿಟ್ಟರು. ಸಭಾಪತಿಗಳು ತೀರಿಕೊಂಡವರ ಸ್ಮರಣೆಯ ಕಾರ್ಯದಲ್ಲಿದ್ದರು. ಸ್ವಾಮಿಯವರು ಎದ್ದು ನಿಂತು, ಸತ್ತವರ ಯಾದಿಯಲ್ಲಿ ಪ್ರಜಾಪ್ರಭುತ್ವದ ಹೆಸರು ಬಿಟ್ಟುಹೋಗಿದೆಯೆಂದು ಹೇಳಿ, ಜನ ಬೆರಗಿನಿಂದ ಎಚ್ಚರಗೊಳ್ಳುವಷ್ಟರಲ್ಲಿ ಹೊರಟುಹೋದರು. ಪ್ರಶ್ನೆ ಕೇಳುವ ಗಂಟೆ ಕೈತಪ್ಪಿದವನು ಪಟ್ಟಿಯಲ್ಲಿ ಉಳಿದಿದ್ದ ಸ್ಮರಣೆಯ ಕಾರ್ಯವನ್ನೇ ಪ್ರಶ್ನೆಗೆ ಬಳಸಿಕೊಂಡನು. ನವೆಂಬರ 15ರಂದು ಸಭೆಯು ಅವರನ್ನು ಉಚ್ಚಾಟಿಸಿತು.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಶ್ರೀ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು. ಜತ್ತಿಯವರು ಅಂದೇ ಹಂಗಾಮಿ ರಾಷ್ಟ್ರಪತಿಗಳಾದರು. ಹಾಗಾದೊಡನೆ ರಾಜ್ಯಸಭೆಯ ಪೀಠದಲ್ಲಿ ಕೂಡ್ರುವ ಹಾಗಿಲ್ಲ. ಮಾರ್ಚಿಯ ಚುನಾವಣೆಯಲ್ಲಿ ಸರಕಾರ ಬದಲಾಯಿತು. ತುರ್ತುಪರಿಸ್ಥಿತಿ 21ರಂದು ಹೋಯಿತು, 24ರಂದು ಶ್ರೀ ಮೊರಾರ್ಜಿ ದೇಸಾಯಿಯವರಿಗೆ ಜತ್ತಿಯವರೇ ಪ್ರಮಾಣವಚನ ಬೋಧಿಸಿದರು. ತಿಂಗಳ ಕೊನೆಯಲ್ಲಿ ಎರಡೂ ಸಭೆಗಳನ್ನು ಉದ್ದೇಶಿಸಿ ಅವರು ಭಾಷಣ ಓದಿದರು. ಇಂಥ ಭಾಷಣವನ್ನು ಬರೆಯುವವರು ಮಂತ್ರಿಮಂಡಲದವರು, ಓದುವವರು ರಾಷ್ಟ್ರಪತಿ. ಹಿಂದಿನ ಇಪ್ಪತ್ತೊಂದು ತಿಂಗಳಲ್ಲಿ ಕಟ್ಟಿದ ಗಂಟುಗಳನ್ನು ಬಿಚ್ಚುವೆವೆಂಬ ಹೊಸ ಸರಕಾರದ ಮಾತನ್ನು, ಆ ಗಂಟುಗಳು ಬೀಳುವಾಗ ಪೀಠದಲ್ಲಿದ್ದವರ ಬಾಯಿಂದಲೇ ಸದಸ್ಯರು ಕೇಳಿದರು. ಓದುವಾಗ ಅವರ ಮನಸ್ಸಿನಲ್ಲಿ ಏನಿದ್ದಿತೋ!

ಎಪ್ರಿಲಿನಲ್ಲಿ ಅವರಿಗೆ ಸ್ವಂತದ ಒಂದು ದಿನ ಒದಗಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರಕಾರ ನಿಶ್ಚಯಿಸಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. 29ರಂದು ಕೋರ್ಟು ಅವುಗಳ ಅರ್ಜಿಯನ್ನು ತಳ್ಳಿಹಾಕಿತು. ಮಂತ್ರಿಮಂಡಲವು ಸಹಿಗಾಗಿ ಕಾಗದ ಕಳಿಸಿತು. ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ದಿಲ್ಲಿಯಲ್ಲಿ ಕೋಲಾಹಲವೆದ್ದಿತು. ಮರುದಿನ, 30ರಂದು, ಸಹಿ ಮಾಡಿದರು. 42ನೆಯ ತಿದ್ದುಪಡಿಯ ಪ್ರಕಾರ ತಡೆಯಲು ಅವರಿಗೆ ಅಧಿಕಾರವಿರಲಿಲ್ಲ. ಇಂದಿರಾ ಗಾಂಧಿಯವರ ಸರಕಾರದ ಎದುರು ಮಿಸುಕದವರು ಮೊರಾರ್ಜಿಯವರ ಸರಕಾರದ ಎದುರು ತಡೆದರೆಂದು ಟೀಕಿಸುವವರಿದ್ದಾರೆ. ಆ ಟೀಕೆಯನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಆದರೂ, ಜನ ಆರಿಸಿದ ಒಂಬತ್ತು ಸಭೆಗಳನ್ನು ಒಂದೇ ದಿನ ಮುಚ್ಚುವ ಕಾಗದದ ಮೇಲೆ ಒಂದು ರಾತ್ರಿ ಯೋಚಿಸಿದ್ದು ತಪ್ಪೆನ್ನಲು ನನಗೆ ಮನಸ್ಸು ಬಾರದು. ತಡೆಯಬೇಕಾದ ಮೊದಲ ದಿನ 1975ರ ಜುಲೈಯಲ್ಲಿತ್ತು ಎಂಬುದಷ್ಟೇ ನನ್ನ ದುಃಖ.

ಜುಲೈ 25ರಂದು ಶ್ರೀ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ರಾಜ್ಯಸಭೆಯ ಪೀಠಕ್ಕೆ ಮರಳಿದರು. ಅದಕ್ಕೆ ನಾಲ್ಕು ದಿನ ಮುಂಚೆ ದಕ್ಷಿಣ ಕನ್ನಡದ ಶ್ರೀ ಕೆ. ಎಸ್. ಹೆಗ್ಡೆಯವರು ಲೋಕಸಭೆಯ ಸ್ಪೀಕರರಾಗಿದ್ದರು. ಹೀಗೆ ಎರಡು ವರುಷ ಕಾಲ ಸಂಸತ್ತಿನ ಎರಡೂ ಪೀಠಗಳಲ್ಲಿ ಕನ್ನಡಿಗರು ಕುಳಿತಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದು ಸುಖದ ಪೀಠವೇನೂ ಆಗಿರಲಿಲ್ಲ. ಲೋಕಸಭೆಯಲ್ಲಿ ಜನತಾ ಪಕ್ಷದ ಬಹುಮತ. ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನವರೇ ಹೆಚ್ಚು. ಕೆಳಸಭೆ ಪಾಸು ಮಾಡಿದ್ದನ್ನು ಮೇಲ್ಸಭೆ ತಿರಸ್ಕರಿಸಬಹುದಾಗಿದ್ದಿತು. ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಪಡಿಸುವ ಮಸೂದೆಯನ್ನು 1977ರ ಡಿಸೆಂಬರಿನಲ್ಲಿ ರಾಜ್ಯಸಭೆ ತಳ್ಳಿಹಾಕಿತು. 1978ರ ಮೇ 16ರಂದು ಎರಡೂ ಸಭೆಗಳು ಕೂಡಿ ಕುಳಿತು ಅದನ್ನು ಪಾಸು ಮಾಡಬೇಕಾಯಿತು. ಸಂಯುಕ್ತ ಅಧಿವೇಶನಕ್ಕೆ ಸ್ಪೀಕರರೇ ಅಧ್ಯಕ್ಷರು. ಅಂದು ಹೆಗ್ಡೆಯವರು ನಡೆಯಿಸಿದರು. ಆದರೆ ಇಷ್ಟೆಲ್ಲ ಜಗಳದ ನಡುವೆ ಪ್ರಶ್ನೋತ್ತರದ ಗಂಟೆ ತನ್ನ ಜಾಗದಲ್ಲಿದ್ದಿತು. ಸೆರೆಯಿಂದ ಬಂದ ಅಡವಾಣಿಯವರು ಈಗ ಮಂತ್ರಿಯಾಗಿ ಎದ್ದು ನಿಂತು ಉತ್ತರ ಕೊಡುತ್ತಿದ್ದರು. ನಡವಳಿಯ ಪ್ರಕಟಣೆಗೆ ರಕ್ಷಣೆ ಕೊಡುವ ಕಾಯಿದೆಯೂ 1977ರಲ್ಲಿಯೇ ಮರಳಿ ಬಂದಿತ್ತು.

1978ರ ಆಗಸ್ಟಿನಲ್ಲಿ 44ನೆಯ ತಿದ್ದುಪಡಿಯ ಮಸೂದೆ ರಾಜ್ಯಸಭೆಯ ಪಟ್ಟಿಗೆ ಬಂದಿತು. ಸಭೆಯು ಜನಮತಗಣನೆಯೇ ಮೊದಲಾದ ಕೆಲವು ಕಲಮುಗಳನ್ನು ಕೈಬಿಟ್ಟು ಮಿಕ್ಕುದಕ್ಕೆ ಒಪ್ಪಿಗೆಯಿತ್ತಿತು. ಉಳಿದ ಕಲಮುಗಳಲ್ಲಿ ಒಂದು ಹೀಗಿದ್ದಿತು: ಮಂತ್ರಿಮಂಡಲದ ಸಲಹೆಯನ್ನು ಮತ್ತೊಮ್ಮೆ ಯೋಚಿಸಿರೆಂದು ರಾಷ್ಟ್ರಪತಿಯು ಒಂದು ಸಲ ಹಿಂದಿರುಗಿಸಬಹುದು, ಆಮೇಲೆ ಬಂದ ಸಲಹೆಯಂತೆ ನಡೆಯಲೇಬೇಕು. ಹದಿನಾರು ತಿಂಗಳ ಹಿಂದೆ ಕಾಯಿದೆಯ ಆಧಾರವಿಲ್ಲದೆ ಜತ್ತಿಯವರು ತಡೆದಿದ್ದ ಆ ಒಂದು ದಿನದಂಥ ಸಂದರ್ಭಕ್ಕೆ, ಅವರೇ ಸಭಾಪತಿಯಾಗಿದ್ದ ಸಭೆಯಲ್ಲಿ, ಸಂವಿಧಾನದೊಳಗೆ ಒಂದು ಜಾಗ ಸಿಕ್ಕಿತು.

1979ರ ಆಗಸ್ಟ್ 30ಕ್ಕೆ ಅವರ ಅವಧಿ ಮುಗಿಯಿತು. ಬಸವಣ್ಣನವರ ವಿಚಾರಗಳ ಪ್ರಸಾರಕ್ಕೆಂದು 1964ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ್ದ ಬಸವ ಸಮಿತಿಯ ಕೆಲಸವನ್ನು ಮುಂದುವರಿಸಿದರು. ವಚನಗಳನ್ನು ಬೇರೆ ಬೇರೆ ಭಾಷೆಗಳಿಗೆ ಮುಟ್ಟಿಸುವುದು ಆ ಸಮಿತಿ ಹಿಡಿದ ಕೆಲಸಗಳಲ್ಲೊಂದು. 2002ರ ಜೂನ್ 7ರಂದು ಅವರು ನಿಧನ ಹೊಂದಿದರು. ಆಗ ಅವರಿಗೆ 89 ವರುಷ ವಯಸ್ಸು. ಅಷ್ಟರಲ್ಲಿ ವಿಜಾಪುರ ಜಿಲ್ಲೆಯೂ ಒಡೆದು, ಜಮಖಂಡಿ ಬಾಗಲಕೋಟೆ ಜಿಲ್ಲೆಗೆ ಸೇರಿ ಐದು ವರುಷಗಳಾಗಿದ್ದವು.